ಮೊದಲು ಆ 56 ಸಣ್ಣ ಎಲೆಗಳನ್ನು ನೋಡಿ

ನಾನು 31 ವರ್ಷ ಬ್ಯಾಂಕಿನ ಕ್ಯಾಷ್ ಕೌಂಟರಿನಲ್ಲಿ ಕೂತವಳು. ನೋಟು ಎಣಿಸಿ ಎಣಿಸಿ ನನ್ನ ಬೆರಳಿಗೆ ಕಾಗದದ ಗುಣ ಗೊತ್ತು. ಹಾಗಾಗಿ ಟ್ಯಾರೋ ಎಲೆಗಳ, ಅಂದರೆ ಭವಿಷ್ಯ ನೋಡಲು ಬಳಸುವ ಇಸ್ಪೀಟಿನಂಥ ಚಿತ್ರದ ಎಲೆಗಳ, ಪೆಟ್ಟಿಗೆ ಮನೆಗೆ ಬಂದ ದಿನ, ಚಿತ್ರ ನೋಡುವ ಮೊದಲೇ ಬೆರಳು ಹೇಳಿತು, ಇದು ಅಸಲಿ ಅಲ್ಲ ಅಂತ.

349 ರೂಪಾಯಿಯ ಪೆಟ್ಟಿಗೆ ಅದು. ಆನ್‌ಲೈನಿನಲ್ಲಿ ಒಬ್ಬ ಮಾರಾಟಗಾರರಿಂದ ತರಿಸಿದ್ದು. ಎಲೆ ತೆಳ್ಳಗಿತ್ತು. ಬಗ್ಗಿಸಿ ಬಿಟ್ಟರೆ ಮತ್ತೆ ನೆಟ್ಟಗಾಗುತ್ತಿರಲಿಲ್ಲ. ಗೆರೆಗಳೆಲ್ಲ ಮಸುಕು, ಜೆರಾಕ್ಸಿನ ಮೇಲೆ ಜೆರಾಕ್ಸ್ ತೆಗೆದ ಹಾಗೆ. ಜೊತೆಗೆ ಬರಬೇಕಿದ್ದ ಪುಟ್ಟ ಪುಸ್ತಕದ ಜಾಗದಲ್ಲಿ ಒಂದು ಕ್ಯೂಆರ್ ಕೋಡ್ ಇತ್ತು. ವಾಪಸ್ ಕಳಿಸುತ್ತೇನೆ ಅಂದರೆ, ಪ್ಲಾಸ್ಟಿಕ್ ಒಡೆದಾಗಿದೆ, ಹಣ ಬರುವುದಿಲ್ಲ ಅಂದರು. ನಕಲಿ ನೋಟು ಹಿಡಿದುಕೊಟ್ಟರೆ ಬ್ಯಾಂಕಿನಲ್ಲಿ ಒಂದು ಕ್ರಮ ಅಂತ ಇರುತ್ತದೆ. ಇಲ್ಲಿ ಏನೂ ಇಲ್ಲ.

ನನಗೆ ಇದರ ಹುಚ್ಚು ಹಿಡಿಸಿದ್ದು ಅಣ್ಣನ ಮಗಳು. ಬೆಂಗಳೂರಿನಲ್ಲಿ ಕೆಲಸ ಮಾಡುತ್ತಾಳೆ. ಫೋನಿನಲ್ಲಿ ನಕಲಿ ಎಲೆಯ ಫೋಟೋ ನೋಡಿದವಳೇ, "ಅತ್ತೆ, ಇದನ್ನ ಎತ್ತಿಡಿ. ಅಸಲಿದು ತಗೊಳ್ಳಿ. ಚಿತ್ರ ಓದಬೇಕು ಅಂದ್ರೆ ಗೆರೆ ಕಾಣಬೇಕಲ್ವಾ" ಅಂದಳು. ಅವಳ ಮಾತು ಕೇಳಿ 1,650 ರೂಪಾಯಿ ಕೊಟ್ಟು ಹಳದಿ ಪೆಟ್ಟಿಗೆಯ ರೈಡರ್-ವೇಯ್ಟ್ ಎಲೆಗಳನ್ನು ತರಿಸಿದೆ. ಎಂಟು ತಿಂಗಳಾಯಿತು. ದಿನಾ ಬೆಳಿಗ್ಗೆ ಕಾಫಿ ಜೊತೆ ಒಂದು ಎಲೆ ತೆಗೆಯುತ್ತೇನೆ. ನಾನು ಬರೆಯುತ್ತಿರುವುದು ಆ ಪೆಟ್ಟಿಗೆಯ ಬಗ್ಗೆ.

ಮೊದಲೇ ಒಂದು ಮಾತು. ನಾಳೆ ಏನಾಗುತ್ತದೆ ಅಂತ ಈ ಎಲೆಗಳು ಹೇಳುತ್ತವೆ ಎಂದು ನಾನು ನಂಬಿಲ್ಲ. ಮಗನ ಮದುವೆ ಯಾವಾಗ, ಸೈಟು ಮಾರಬೇಕಾ ಅಂತ ಕೇಳುವವರಿಗೆ ನನ್ನ ಹತ್ತಿರ ಉತ್ತರ ಇಲ್ಲ. ಆದರೆ ನಿನ್ನೆ ಏನಾಯಿತು, ಇವತ್ತು ನಾನು ಯಾಕೆ ಹೀಗಿದ್ದೇನೆ ಅಂತ ಕೂತು ನೋಡುವುದಕ್ಕೆ ಇಷ್ಟು ಒಳ್ಳೆಯ ಚಿತ್ರಗಳು ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಪೆಟ್ಟಿಗೆಯಲ್ಲಿ 78 ಎಲೆ ಇವೆ. 22 ದೊಡ್ಡವು, 56 ಸಣ್ಣವು. ಎಲ್ಲರೂ ಮಾತಾಡುವುದು ಆ 22ರ ಬಗ್ಗೆ. ಬಿಳಿ ಕುದುರೆ ಏರಿ ಬರುವ ಸಾವು, ಸಿಡಿಲು ಬಡಿದ ಗೋಪುರ, ಪ್ರಪಾತದ ಅಂಚಿನಲ್ಲಿ ನಡೆಯುವ ಹುಚ್ಚ. ಸಿನಿಮಾದಲ್ಲೂ ಅವೇ ಬರುತ್ತವೆ. ನಾನೂ ಮೊದಲು ಅವುಗಳನ್ನೇ ಹಿಡಿದುಕೊಂಡು ಕೂತೆ. ಹದಿನೈದು ದಿನ ಏನೂ ಹತ್ತಲಿಲ್ಲ. ಶಿವಮೊಗ್ಗದಲ್ಲಿ ನಿವೃತ್ತಿಯಾಗಿ ಮನೆಯಲ್ಲಿರುವ ಹೆಂಗಸಿಗೆ ದಿನಾ ಬೆಳಿಗ್ಗೆ ಗೋಪುರಕ್ಕೆ ಸಿಡಿಲು ಬಡಿಯುವುದಿಲ್ಲ. ಹಾಲು ಒಡೆಯುತ್ತದೆ, ನಾದಿನಿ ಫೋನ್ ಮಾಡುತ್ತಾರೆ, ಪೆನ್ಷನ್ ಬರುತ್ತದೆ, ಮೊಣಕಾಲು ನೋಯುತ್ತದೆ. ಆ ಬದುಕು ಇರುವುದು 56 ಸಣ್ಣ ಎಲೆಗಳಲ್ಲಿ. ಹಾಗಾಗಿ 22 ಎಲೆ ತೆಗೆದು ರಬ್ಬರ್ ಬ್ಯಾಂಡ್ ಹಾಕಿ ಬೀರುವಿನಲ್ಲಿಟ್ಟೆ. ಆಮೇಲೆಯೇ ಈ ಪೆಟ್ಟಿಗೆ ನನ್ನ ಜೊತೆ ಮಾತಾಡಲು ಶುರು ಮಾಡಿದ್ದು.

56ರಲ್ಲಿ ನಾಲ್ಕು ಗುಂಪು. ಕೋಲು, ಬಟ್ಟಲು, ಕತ್ತಿ, ನಾಣ್ಯ. ಪ್ರತಿ ಗುಂಪಿನಲ್ಲಿ ಎಕ್ಕದಿಂದ ಹತ್ತರವರೆಗೆ ಹತ್ತು ಎಲೆ, ಜೊತೆಗೆ ಅರಮನೆಯ ನಾಲ್ಕು ಜನ. ಇಸ್ಪೀಟ್ ಆಡುವ ಮನೆಯಲ್ಲಿ ಬೆಳೆದವರಿಗೆ ಇದು ಅರ್ಧ ನಿಮಿಷದ ಪಾಠ. ತೀರ್ಥಹಳ್ಳಿ ಹತ್ತಿರದ ನಮ್ಮ ತವರುಮನೆಯಲ್ಲಿ ಮದುವೆ ಮುಂಜಿ ಅಂದರೆ ರಾತ್ರಿಯಿಡೀ ಜಗಲಿಯಲ್ಲಿ ಇಸ್ಪೀಟ್. ಆಟೀನು, ಡೈಮನ್, ಕಳಾವರ್, ಇಸ್ಪೀಟು ಅಂತ ಕೂಗುತ್ತಿದ್ದರು. ಬಟ್ಟಲು ಅಂದರೆ ಆಟೀನು. ನಾಣ್ಯ ಅಂದರೆ ಡೈಮನ್. ಕೋಲು ಅಂದರೆ ಕಳಾವರ್. ಕತ್ತಿ ಅಂದರೆ ಇಸ್ಪೀಟು. ಸ್ಪೇಡ್ ಎಂಬ ಮಾತೇ ಇಟಲಿ, ಸ್ಪೇನ್ ಕಡೆಯ ಕತ್ತಿ ಎಂಬ ಪದದಿಂದ ಬಂದದ್ದು. ನಾವು ಇಡೀ ಆಟಕ್ಕೇ ಇಸ್ಪೀಟು ಅಂತ ಹೆಸರಿಟ್ಟುಕೊಂಡಿದ್ದೇವೆ. ಆ ಹೆಸರಿನೊಳಗೆ ಒಂದು ಕತ್ತಿ ಇದೆ ಅಂತ ತಿಳಿದ ದಿನ ನಮ್ಮ ಮನೆಯವರನ್ನು ಮಲಗಿದ್ದಲ್ಲಿಂದ ಎಬ್ಬಿಸಿ ಹೇಳಿದ್ದೆ.

ಟ್ಯಾರೋ ಹುಟ್ಟಿದ್ದೂ ಆಟವಾಗಿಯೇ. 15ನೇ ಶತಮಾನದಲ್ಲಿ, ಇಟಲಿಯ ಉತ್ತರ ಭಾಗದಲ್ಲಿ. ಆ 22 ದೊಡ್ಡ ಎಲೆಗಳಲ್ಲಿ ಹುಚ್ಚನೊಬ್ಬನನ್ನು ಬಿಟ್ಟು ಉಳಿದವಕ್ಕೆ ಆಟದಲ್ಲಿದ್ದ ಕೆಲಸ ತುರುಪಿನದು. ನಮ್ಮ ಆಟಗಳಲ್ಲಿ ತುರುಪಿನ ಎಲೆ ಬಿದ್ದರೆ ಬೇರೆ ಎಲೆ ಸೋಲುತ್ತದಲ್ಲ, ಹಾಗೆ. ಫ್ರಾನ್ಸಿನಲ್ಲಿ ಇವತ್ತಿಗೂ 78 ಎಲೆಯ ಟ್ಯಾರೋ ಆಡುತ್ತಾರೆ. ಅದರಲ್ಲಿ ಭವಿಷ್ಯ ನೋಡುವ ಅಭ್ಯಾಸ 18ನೇ ಶತಮಾನದ ಕೊನೆಯಲ್ಲಿ ಫ್ರಾನ್ಸಿನಲ್ಲೇ ಜೋರಾಯಿತು. ಇನ್ನೂ ಹಿಂದೆ ಹೋದರೆ ಈ ನಾಲ್ಕು ಗುಂಪು ಯುರೋಪಿನವೂ ಅಲ್ಲ. ಈಜಿಪ್ಟಿನ ಮಮ್ಲೂಕ್ ದೊರೆಗಳ ಕಾಲದ ಎಲೆಗಳಲ್ಲಿ ಕತ್ತಿ, ಬಟ್ಟಲು, ನಾಣ್ಯ ಮತ್ತು ಪೋಲೋ ಆಡುವ ಕೋಲು ಇದ್ದವು. ಅಂಥ ಒಂದು ಕಟ್ಟು ಇಸ್ತಾಂಬುಲಿನ ತೋಪ್‌ಕಾಪಿ ಅರಮನೆಯಲ್ಲಿದೆ. ಪೋಲೋ ಗೊತ್ತಿಲ್ಲದ ಊರುಗಳಿಗೆ ಹೋದಾಗ ಆ ಕೋಲು ಬರೀ ದೊಣ್ಣೆಯಾಯಿತು. ನಮ್ಮ ಮೈಸೂರಿನಲ್ಲೂ ಎಲೆಗಳ ಇಂಥದೇ ಲೋಕ ಇತ್ತು. ದಶಾವತಾರ ಗಂಜೀಫಾ ಎಂಬ ಹಳೆಯ ಎಲೆಯಾಟದಲ್ಲಿ ಹತ್ತು ಗುಂಪು, ಒಟ್ಟು 120 ಎಲೆ. ಮುಮ್ಮಡಿ ಕೃಷ್ಣರಾಜ ಒಡೆಯರು ತಾವೇ ಹೊಸ ಹೊಸ ಗಂಜೀಫಾ ಆಟಗಳನ್ನು ರೂಪಿಸಿದ್ದರು. ಅದರ ವಿವರ ಅವರ ಶ್ರೀತತ್ತ್ವನಿಧಿ ಗ್ರಂಥದಲ್ಲಿದೆ. ಎಲೆ ಹಿಡಿದು ಕೂರುವುದು ನಮಗೇನೂ ಹೊರಗಿನದಲ್ಲ.

ಈ ಹಳದಿ ಪೆಟ್ಟಿಗೆಯನ್ನೇ ಯಾಕೆ ಕೊಳ್ಳಬೇಕು ಅನ್ನುವುದಕ್ಕೆ ಕಾರಣ ಒಬ್ಬ ಹೆಂಗಸು. ಪಮೇಲಾ ಕೋಲ್ಮನ್ ಸ್ಮಿತ್. 1909ರಲ್ಲಿ ಲಂಡನ್ನಿನಲ್ಲಿ ಆರ್ಥರ್ ಎಡ್ವರ್ಡ್ ವೇಯ್ಟ್ ಅನ್ನುವವರು ಈ ಎಲೆಗಳ ಯೋಜನೆ ಹಾಕಿದರು. ಪ್ರಕಟಿಸಿದ್ದು ರೈಡರ್ ಕಂಪನಿ. ಚಿತ್ರ ಬರೆದದ್ದು ಪಮೇಲಾ. ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಇರುವುದು ಉಳಿದಿಬ್ಬರ ಹೆಸರು. ಅದಕ್ಕೂ ಹಿಂದೆ ಚಾಲ್ತಿಯಲ್ಲಿದ್ದ ಮಾರ್ಸೇ ಎಂಬ ಫ್ರೆಂಚ್ ಶೈಲಿಯ ಎಲೆಗಳಲ್ಲಿ ಸಣ್ಣ ಎಲೆ ಅಂದರೆ ಇಸ್ಪೀಟಿನ ಹಾಗೆಯೇ. ಐದು ಬಟ್ಟಲು ಅಂದರೆ ಐದು ಬಟ್ಟಲು ಬರೆದಿರುತ್ತಿದ್ದರು, ಅಷ್ಟೇ. ಪಮೇಲಾ ಪ್ರತಿ ಎಲೆಯಲ್ಲೂ ಒಂದು ಸನ್ನಿವೇಶ ಬರೆದಳು. ಜನ, ಮನೆ, ನದಿ, ನಾಯಿ, ಹಾಸಿಗೆ. ಸೋಲಾ ಬುಸ್ಕಾ ಅನ್ನುವ 15ನೇ ಶತಮಾನದ ಒಂದು ಇಟಾಲಿಯನ್ ಕಟ್ಟಿನಲ್ಲಿ ಮಾತ್ರ ಹೀಗೆ ಸಣ್ಣ ಎಲೆಗಳಿಗೂ ಚಿತ್ರ ಇತ್ತು. ಅದರ ನೆರಳು ಇಲ್ಲಿಯ ಕೆಲವು ಎಲೆಗಳಲ್ಲಿ ಕಾಣುತ್ತದೆ.

ಅವಳು ನಾಟಕದವರ ಜೊತೆ ಇದ್ದವಳು. ಲಂಡನ್ನಿನ ಲೈಸಿಯಂ ಥಿಯೇಟರಿನ ನಟ ಹೆನ್ರಿ ಇರ್ವಿಂಗ್, ನಟಿ ಎಲೆನ್ ಟೆರ್ರಿ ಇವರ ತಂಡದೊಂದಿಗೆ ಓಡಾಡಿದವಳು. ಇದು ತಿಳಿಯುವ ಮೊದಲೇ ನನಗೆ ಈ ಚಿತ್ರಗಳನ್ನು ನೋಡಿದರೆ ರಂಗದ ನೆನಪಾಗುತ್ತಿತ್ತು. ಹೆಗ್ಗೋಡಿನಲ್ಲಿ ನೀನಾಸಂ ನಾಟಕ ನೋಡಿಕೊಂಡು ಬಂದವರು ಕೆಲವು ಎಲೆಗಳನ್ನು ಗಮನಿಸಿ. ಮುಂದೆ ಬರೀ ನೆಲ. ಆಮೇಲೆ ಒಂದು ಅಡ್ಡಗೆರೆ. ಅದರ ಹಿಂದೆ ಊರು, ಕಡಲು ಎಲ್ಲ ಪರದೆಯ ಮೇಲೆ ಬರೆದ ಹಾಗೆ. ಪಾತ್ರಧಾರಿ ಬಂದು ನಿಂತಿದ್ದಾರೆ, ಮಾತು ಇನ್ನೂ ಶುರುವಾಗಿಲ್ಲ.

ಇಷ್ಟು ಕೆಲಸಕ್ಕೆ ಅವಳಿಗೆ ಸಿಕ್ಕಿದ್ದು ತೀರಾ ಕಡಿಮೆ ಹಣ. ಹಾಗಂತ 1909ರಲ್ಲೇ ಅಮೆರಿಕದ ಛಾಯಾಗ್ರಾಹಕ ಆಲ್ಫ್ರೆಡ್ ಸ್ಟೀಗ್ಲಿಟ್ಜ್ ಅವರಿಗೆ ಪತ್ರದಲ್ಲಿ ಬರೆದಿದ್ದಳು. 1951ರಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲಿನ ಬ್ಯೂಡ್ ಎಂಬ ಊರಿನಲ್ಲಿ ಬಡತನದಲ್ಲೇ ತೀರಿಕೊಂಡಳು. ಹಣದ ಲೆಕ್ಕ ನೋಡುವ ಕೆಲಸ ಮಾಡಿದವಳಿಗೆ ಇದು ಸುಮ್ನೆ ಓದಿ ಬಿಡುವ ವಿಷಯ ಅಲ್ಲ. ಪ್ರತಿ ಎಲೆಯ ಮೂಲೆಯಲ್ಲಿ ಅವಳ ಸಹಿ ಇದೆ. ಮೂರು ಅಕ್ಷರ ಒಂದಕ್ಕೊಂದು ಬಳ್ಳಿಯ ಹಾಗೆ ಹೆಣೆದುಕೊಂಡಿರುತ್ತದೆ. ಅದು ಸ್ಪಷ್ಟವಾಗಿ ಕಾಣುತ್ತಿದೆಯಾ ಅಂತ ನೋಡಿ. ನಕಲಿ ಕಟ್ಟಿನಲ್ಲಿ ಅದು ಮಸಿಯ ಮಚ್ಚೆಯಾಗಿರುತ್ತದೆ, ಇಲ್ಲ ಅಂದರೆ ಇರುವುದೇ ಇಲ್ಲ.

ನಾನು ಶುರು ಮಾಡಿದ್ದು ನಾಣ್ಯದಿಂದ. ನನ್ನ ಕೈಗೆ ಗೊತ್ತಿರುವ ಸಾಮಾನು ಅದು. ಪಂಚಭೂತಗಳಲ್ಲಿ ನಾಣ್ಯಕ್ಕೆ ಭೂಮಿ, ಬಟ್ಟಲಿಗೆ ನೀರು, ಕೋಲಿಗೆ ಬೆಂಕಿ, ಕತ್ತಿಗೆ ಗಾಳಿ ಅಂತ ಹೊಂದಿಸುತ್ತಾರೆ. ಇದನ್ನು ನೆನಪಿಟ್ಟುಕೊಂಡರೆ ಅರ್ಧ ಕೆಲಸ ಆದಂತೆ. ನಾಣ್ಯ ಅಂದರೆ ಬರೀ ದುಡ್ಡಲ್ಲ. ಮನೆ, ಮೈ, ದುಡಿಮೆ, ಕೈಗೆ ಸಿಗುವುದೆಲ್ಲ ಅದರಲ್ಲಿ ಬಂತು.

ನಾಲ್ಕು ನಾಣ್ಯದ ಎಲೆಯಲ್ಲಿ ಕಿರೀಟ ಇಟ್ಟುಕೊಂಡ ಒಬ್ಬ ಕೂತಿದ್ದಾನೆ. ಒಂದು ನಾಣ್ಯ ತಲೆಯ ಮೇಲೆ, ಒಂದನ್ನು ಎದೆಗೆ ಅವಚಿಕೊಂಡಿದ್ದಾನೆ, ಎರಡನ್ನು ಪಾದದಡಿ ಒತ್ತಿಟ್ಟಿದ್ದಾನೆ. ಪುಸ್ತಕ ಇದಕ್ಕೆ ಆಸ್ತಿಯನ್ನು ಬಿಗಿಯಾಗಿ ಹಿಡಿದುಕೊಳ್ಳುವುದು ಅನ್ನುತ್ತದೆ. ನಾನು ನೋಡಿದ್ದು ಬೇರೆ. ಅವನು ಏಳುವ ಹಾಗಿಲ್ಲ. ಕಾಲು ಎತ್ತಿದರೆ ಎರಡು ಹೋಯಿತು, ತಲೆ ಬಗ್ಗಿಸಿದರೆ ಒಂದು ಹೋಯಿತು. ಹಿಂದೆ ಇಡೀ ಊರಿದೆ, ಅದರ ಕಡೆ ಬೆನ್ನು ಹಾಕಿ ಕೂತಿದ್ದಾನೆ. ಕ್ಯಾಷ್ ಡ್ರಾಯರ್ ತೆರೆದಿಟ್ಟು ಸ್ವಲ್ಪ ಹೊತ್ತೂ ಏಳಲಾಗದೆ ಕೂತ ನನ್ನ ಮಧ್ಯಾಹ್ನಗಳು ನೆನಪಾದವು.

ಐದು ನಾಣ್ಯದ ಎಲೆ ಬಂದ ದಿನ ಮಾತ್ರ ಕಾಫಿ ಆರಿ ಹೋಯಿತು. ಹಿಮ ಬೀಳುತ್ತಿದೆ. ಬರಿಗಾಲಿನ ಒಬ್ಬ ಹೆಂಗಸು, ಊರುಗೋಲು ಹಿಡಿದ ಒಬ್ಬ ಗಂಡಸು ನಡೆದು ಹೋಗುತ್ತಿದ್ದಾರೆ. ಅವನ ಕೊರಳಲ್ಲಿ ಒಂದು ಗಂಟೆ. ಅವರ ಪಕ್ಕದಲ್ಲೇ ಬಣ್ಣದ ಗಾಜಿನ ಕಿಟಕಿ, ಒಳಗೆ ಬೆಳಕು. ಬಾಗಿಲು ಎಲ್ಲೂ ಕಾಣುವುದಿಲ್ಲ.

2016ರ ನವೆಂಬರ್. ಹಳೆಯ 500, 1000ದ ನೋಟು ರದ್ದಾಗಿ, 10ನೇ ತಾರೀಕು ಬ್ಯಾಂಕು ತೆರೆದೆವು. ಒಬ್ಬರಿಗೆ 4,000 ರೂಪಾಯಿವರೆಗೆ ಬದಲಾಯಿಸಿ ಕೊಡಬೇಕಿತ್ತು. ಬೀದಿಯವರೆಗೂ ಸಾಲು. ಮೂರು ಗಂಟೆ ಹೊತ್ತಿಗೆ ನನ್ನ ಕೌಂಟರಿನಲ್ಲಿ ಹಣ ಮುಗಿಯಿತು. ಆಗ ಗಾಜಿನ ಆಚೆ ಒಬ್ಬ ಅಜ್ಜ ನಿಂತಿದ್ದರು. ಕೋಲು ಊರಿಕೊಂಡಿದ್ದರು. ಕೈಯಲ್ಲಿ 500ರ ನಾಲ್ಕು ನೋಟು, ಮಡಚಿ ಮಡಚಿ ಸಣ್ಣ ಮಾಡಿಕೊಂಡಿದ್ದರು. "ಅಜ್ಜಾ, ನಾಳೆ ಬನ್ನಿ" ಅಂದೆ. ಅವರು ಏನೂ ಹೇಳಲಿಲ್ಲ. ನೋಟುಗಳನ್ನು ಮತ್ತೆ ಮಡಚಿ ಅಂಗಿಯ ಒಳಜೇಬಿಗೆ ಹಾಕಿಕೊಂಡು ಹೋದರು. ಮಾರನೆಯ ದಿನದ ನೂಕುನುಗ್ಗಲಲ್ಲಿ ಅವರು ಬಂದರೋ ಇಲ್ಲವೋ ನಾನು ನೋಡಲಿಲ್ಲ. ಇಷ್ಟು ವರ್ಷ ನನ್ನ ಪ್ರಕಾರ ಆ ದಿನದ ಕಷ್ಟ ಅಂದರೆ ನನ್ನದು. ಹನ್ನೆರಡು ಗಂಟೆ ಕೂತು ಸೊಂಟ ಹಿಡಿದಿತ್ತು, ಊಟ ಇರಲಿಲ್ಲ. ಈ ಎಲೆಯಲ್ಲಿ ನಾನು ಮೊದಲ ಸಲ ಕಿಟಕಿಯ ಹೊರಗೆ ನಿಂತು ನೋಡಿದೆ. ಜೊತೆಗೆ ಬಂದ ಪುಸ್ತಕದಲ್ಲಿ ಈ ಎಲೆಗೆ ಕಷ್ಟ, ಬಡತನ ಅಂತ ಎರಡು ಮಾತಿದೆ. ಆ ಎರಡು ಮಾತಿನಿಂದ ನನಗೆ ಏನೂ ಆಗುತ್ತಿರಲಿಲ್ಲ. ಆ ಗಾಜು ಬರೆದದ್ದು ಪಮೇಲಾ.

ನಾಣ್ಯದ ಉಳಿದ ಎಲೆಗಳೂ ಹೀಗೇ ಹತ್ತಿರದವು. ಎಂಟರಲ್ಲಿ ಬೆಂಚಿನ ಮೇಲೆ ಕೂತು ನಾಣ್ಯ ಕೆತ್ತುವ ಹುಡುಗ, ಒಂದಾದ ಮೇಲೆ ಒಂದು, ಎಲ್ಲವೂ ಒಂದೇ ಥರ. ಏಳರಲ್ಲಿ ಗುದ್ದಲಿಯ ಮೇಲೆ ಗದ್ದ ಊರಿ ಗಿಡ ನೋಡುತ್ತಾ ನಿಂತವನು. ಅಡಿಕೆ ಸಸಿ ನೆಟ್ಟು ಫಸಲಿಗೆ ವರ್ಷಗಟ್ಟಲೆ ಕಾಯುವ ನಮ್ಮ ಕಡೆಯವರಿಗೆ ಆ ನಿಲುವನ್ನು ಯಾರೂ ವಿವರಿಸಬೇಕಾಗಿಲ್ಲ.

ಬಟ್ಟಲಿನ ಗುಂಪು ಮನಸ್ಸಿನದು. ಪ್ರೀತಿ, ನೆನಪು, ಬೇಜಾರು. ಇಲ್ಲಿ ನನಗೆ ತುಂಬ ಹಿಡಿಸಿದ್ದು ನಾಲ್ಕು ಮತ್ತು ಐದು. ನಾಲ್ಕರಲ್ಲಿ ಮರದ ಕೆಳಗೆ ಕೈಕಟ್ಟಿ ಕೂತ ಹುಡುಗ, ಎದುರಿಗೆ ಮೂರು ಬಟ್ಟಲು. ಮೋಡದಿಂದ ಒಂದು ಕೈ ನಾಲ್ಕನೆಯ ಬಟ್ಟಲನ್ನು ಕೊಡುತ್ತಿದೆ. ಅವನು ತಲೆ ಎತ್ತುತ್ತಿಲ್ಲ. ನಿವೃತ್ತಿಯಾದ ಮೊದಲ ಆರು ತಿಂಗಳು ನಾನು ಹೀಗೇ ಕೂತಿದ್ದೆ. ಐದರಲ್ಲಿ ಕಪ್ಪು ನಿಲುವಂಗಿಯವರು ಚೆಲ್ಲಿ ಬಿದ್ದ ಮೂರು ಬಟ್ಟಲು ನೋಡುತ್ತಾ ನಿಂತಿದ್ದಾರೆ. ಬೆನ್ನ ಹಿಂದೆ ಎರಡು ಬಟ್ಟಲು ನೆಟ್ಟಗೆ ನಿಂತಿವೆ. ದೂರದಲ್ಲಿ ಸೇತುವೆಯಿದೆ, ಅದರಾಚೆ ಮನೆಯಿದೆ. ಎರಡು ಉಳಿದಿವೆಯಲ್ಲ ಅಂತ ಸಮಾಧಾನ ಹೇಳುವವರು ಇದ್ದಾರೆ. ನನ್ನನ್ನು ಕೇಳಿದರೆ ಚೆಲ್ಲಿದ್ದನ್ನು ನೋಡಿ ಮುಗಿಸುವವರೆಗೆ ಅವರನ್ನು ತಿರುಗಿಸಬಾರದು. ದುಃಖಕ್ಕೆ ಅಷ್ಟು ಹೊತ್ತು ಬೇಕು.

ಕತ್ತಿ ಎಂದರೆ ಎಲ್ಲರಿಗೂ ಹೆದರಿಕೆ. ಅದರಲ್ಲಿ ನೋವಿನ ಎಲೆ ಜಾಸ್ತಿ ಅನ್ನುವುದು ನಿಜ. ಮೂರರಲ್ಲಿ ಹೃದಯಕ್ಕೆ ಮೂರು ಕತ್ತಿ ಚುಚ್ಚಿವೆ, ಹಿಂದೆ ಮಳೆ. ಒಂಬತ್ತರಲ್ಲಿ ರಾತ್ರಿ ಹಾಸಿಗೆಯಲ್ಲಿ ಎದ್ದು ಕೂತು ಮುಖ ಮುಚ್ಚಿಕೊಂಡ ಒಬ್ಬರು. ಅವರ ಹೊದಿಕೆಯ ಮೇಲೆ ಗುಲಾಬಿ, ರಾಶಿಗಳ ಗುರುತು. ಯಾರೋ ಪ್ರೀತಿಯಿಂದ ಹೊಲಿದು ಕೊಟ್ಟ ಹೊದಿಕೆ ಅದು ಅಂತ ನನಗೆ ಯಾವಾಗಲೂ ಅನಿಸುತ್ತದೆ. ಹೊದಿಕೆ ಎಷ್ಟು ಚೆನ್ನಾಗಿದ್ದರೂ ಮೂರು ಗಂಟೆಗೆ ಎಚ್ಚರ ಆಗುವುದು ತಪ್ಪುವುದಿಲ್ಲ. ಕತ್ತಿ ಅಂದರೆ ಯೋಚನೆ, ಮಾತು, ತೀರ್ಮಾನ. ಕುಯ್ಯುತ್ತದೆ, ಬಿಡಿಸಿಯೂ ಕೊಡುತ್ತದೆ.

ಆರು ಕತ್ತಿಯ ಎಲೆಯನ್ನು ನಾನು ಪೆಟ್ಟಿಗೆಗೆ ವಾಪಸ್ ಹಾಕುವುದೇ ಇಲ್ಲ. ಅದು ದೇವರ ಕೋಣೆಯ ಪಕ್ಕದ ಕಪಾಟಿನಲ್ಲಿ ಅಮ್ಮನ ಫೋಟೋಗೆ ಒರಗಿ ನಿಂತಿದೆ. ದೋಣಿಯಲ್ಲಿ ಒಬ್ಬ ಹೆಂಗಸು ತಲೆಗೆ ಮುಸುಕು ಹೊದ್ದು ಮುದುಡಿ ಕೂತಿದ್ದಾಳೆ. ಪಕ್ಕದಲ್ಲಿ ಮಗು. ಹಿಂದೆ ಅಂಬಿಗ ಹುಟ್ಟು ಹಾಕುತ್ತಿದ್ದಾನೆ. ಅವರ ಮುಖ ನಮಗೆ ಕಾಣುವುದಿಲ್ಲ. ದೋಣಿಯ ಒಂದು ಕಡೆ ನೀರು ಅಲೆಅಲೆಯಾಗಿದೆ, ಇನ್ನೊಂದು ಕಡೆ ತಣ್ಣಗಿದೆ. ಆರು ಕತ್ತಿಗಳು ದೋಣಿಯಲ್ಲೇ ನೆಟ್ಟಿವೆ, ಅವರ ಜೊತೆಗೇ ಬರುತ್ತಿವೆ. ಅಮ್ಮನನ್ನು ಊರಿನ ಮನೆಯಿಂದ ಶಿವಮೊಗ್ಗಕ್ಕೆ ಕರೆತಂದ ದಿನ ಅವಳು ಕಾರಿನ ಹಿಂದಿನ ಸೀಟಿನಲ್ಲಿ ಹೀಗೇ ಸೆರಗು ಹೊದ್ದು ಕೂತಿದ್ದಳು. ಮಡಿಲಲ್ಲಿ ಒಂದು ಹಿತ್ತಾಳೆ ತಂಬಿಗೆ. ತುಂಗೆಯ ಸೇತುವೆ ದಾಟುವಾಗ "ಬಾವಿಗೆ ಹಗ್ಗ ಬಿಟ್ಟು ಬಂದೆ" ಅಂದಳು. ನಾನು ಮುಂದಿನ ಸೀಟಿನಲ್ಲಿದ್ದೆ, ತಿರುಗಿ ನೋಡಲಿಲ್ಲ. ಔಷಧಿ, ಆಸ್ಪತ್ರೆ, ಮಂಚ ಎಲ್ಲಿ ಹಾಕುವುದು ಅಂತ ಲೆಕ್ಕ ಹಾಕುತ್ತಿದ್ದೆ. ಹುಟ್ಟು ನನ್ನ ಕೈಯಲ್ಲಿತ್ತು. ಈ ಎಲೆ ಮೊದಲ ಸಲ ಬಂದಾಗ ಅಮ್ಮ ಹೋಗಿ ಎರಡು ವರ್ಷವಾಗಿತ್ತು. ಆ ದಿನ ನಾನು ಡೈರಿಯಲ್ಲಿ ಏನೂ ಬರೆಯಲಿಲ್ಲ.

ಕೋಲಿನ ಗುಂಪು ನನಗೆ ತಡವಾಗಿ ಹತ್ತಿತು. ಬೆಂಕಿ, ಉತ್ಸಾಹ, ಹೊಸ ಕೆಲಸ ಅದರ ವಿಷಯ. ಕೋಲುಗಳಲ್ಲೆಲ್ಲ ಚಿಗುರು ಒಡೆದಿದೆ, ಅದನ್ನು ಗಮನಿಸಿ. ಏಳರಲ್ಲಿ ದಿಬ್ಬದ ಮೇಲೆ ನಿಂತು ಕಾದಾಡುವವನ ಒಂದು ಕಾಲಿಗೆ ಬೂಟು, ಇನ್ನೊಂದು ಕಾಲಿಗೆ ಬೇರೆ ಥರದ ಚಪ್ಪಲಿ. ಯಾರೋ ಬಾಗಿಲು ಬಡಿದಾಗ ಸಿಕ್ಕಿದ್ದು ಮೆಟ್ಟಿಕೊಂಡು ಓಡಿ ಬಂದವನ ಹಾಗೆ. ಹತ್ತರಲ್ಲಿ ಹತ್ತು ಕೋಲಿನ ಹೊರೆ ಎತ್ತಿಕೊಂಡು ಮುಖವೇ ಕಾಣದಂತೆ ಬಗ್ಗಿ ನಡೆಯುವವನು. ಸೊಪ್ಪಿನ ಹೊರೆ ಹೊತ್ತು ಗುಡ್ಡ ಇಳಿಯುವವರನ್ನು ನೋಡಿದ್ದರೆ ಸಾಕು, ಇದನ್ನು ಓದಲು ಪುಸ್ತಕ ಬೇಡ.

ಅರಮನೆಯ 16 ಜನರ ವಿಷಯದಲ್ಲಿ ನಾನು ಇನ್ನೂ ಕಲಿಯುತ್ತಿದ್ದೇನೆ. ಇಸ್ಪೀಟಿನಲ್ಲಿ ಗುಲಾಮ, ರಾಣಿ, ರಾಜ ಮೂವರು. ಇಲ್ಲಿ ನಾಲ್ವರು: ಹುಡುಗ, ಕುದುರೆ ಸವಾರ, ರಾಣಿ, ರಾಜ. ಇವರನ್ನು ನೆನಪಿಡಲು ಅಣ್ಣನ ಮಗಳು ಒಂದು ಉಪಾಯ ಹೇಳಿಕೊಟ್ಟಳು. "ಅತ್ತೆ, ಕುದುರೆಗಳನ್ನು ಮಾತ್ರ ನೋಡಿ." ನಾಲ್ಕು ಸವಾರರ ಎಲೆ ಪಕ್ಕಪಕ್ಕ ಇಟ್ಟೆ. ಕೋಲಿನವನ ಕುದುರೆ ಮುಂಗಾಲು ಎತ್ತಿ ನಿಂತಿದೆ. ಬಟ್ಟಲಿನವನದು ಮೆಲ್ಲಗೆ ಹೆಜ್ಜೆ ಹಾಕುತ್ತಿದೆ, ಚೆಲ್ಲಬಾರದಲ್ಲ. ಕತ್ತಿಯವನದು ಗಾಳಿ ಸೀಳಿಕೊಂಡು ಓಡುತ್ತಿದೆ. ನಾಣ್ಯದವನದು ನಿಂತೇ ಇದೆ, ನಾಲ್ಕೂ ಕಾಲು ನೆಲದ ಮೇಲೆ. ನಾಲ್ಕು ಗುಂಪಿನ ಸ್ವಭಾವ ಇಷ್ಟೇ. ಯಾರಾದರೂ ಹೊಸಬರು ಕೇಳಿದರೆ ನಾನು ಈಗ ಬೇರೇನೂ ಹೇಳುವುದಿಲ್ಲ, ಈ ನಾಲ್ಕು ಎಲೆ ಮುಂದಿಡುತ್ತೇನೆ.

ಇನ್ನು ಕೊಳ್ಳುವವರಿಗೆ ಕೆಲವು ಮಾತು. ಎಲೆಗಳು ದೊಡ್ಡವು. ಸುಮಾರು 12 ಸೆಂಟಿಮೀಟರ್ ಉದ್ದ, 7 ಸೆಂಟಿಮೀಟರ್ ಅಗಲ. ಇಸ್ಪೀಟಿನ ಹಾಗೆ ಸರ್ರನೆ ಕಲಸಲು ಬರುವುದಿಲ್ಲ. ನನ್ನ ಕೈ ಸಣ್ಣದು, ಅದಕ್ಕೆ ಚಾಪೆಯ ಮೇಲೆ ಹರಡಿ ಎರಡೂ ಕೈಯಲ್ಲಿ ಕಲಸುತ್ತೇನೆ. ಹೊಸದರಲ್ಲಿ ತುಂಬ ಜಾರುತ್ತವೆ, ತಿಂಗಳಲ್ಲಿ ಸರಿಹೋಗುತ್ತದೆ. ಕಾಗದ ಗಟ್ಟಿಯಾಗಿದೆ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಹಪ್ಪಳ ಕೂಡ ಮೆತ್ತಗಾಗುತ್ತದೆ. ನಾನು ಎಲೆಗಳನ್ನು ಸ್ಟೀಲ್ ಡಬ್ಬಿಯಲ್ಲಿಟ್ಟೆ, ಒಂದೂ ಬಾಗಲಿಲ್ಲ. ಬಣ್ಣ ಸ್ವಲ್ಪ ಗಾಢ, ಹಳದಿ ಆಕಾಶ ಕಣ್ಣಿಗೆ ಹೊಡೆಯುತ್ತದೆ. ತಣ್ಣನೆಯ ಬಣ್ಣ ಬೇಕು ಅನ್ನುವವರಿಗೆ ಸ್ಮಿತ್-ವೇಯ್ಟ್ ಸೆಂಟೆನಿಯಲ್ ಅಂತ ಇದೇ ಚಿತ್ರಗಳ ಇನ್ನೊಂದು ಕಟ್ಟು ಸಿಗುತ್ತದೆ. 2009ರಲ್ಲಿ, ನೂರು ವರ್ಷವಾದಾಗ ತಂದದ್ದು. ಅಣ್ಣನ ಮಗಳ ಹತ್ತಿರ ಅದಿದೆ. ಅದರಲ್ಲಿ ಪಮೇಲಾಳ ಹೆಸರನ್ನೂ ಮುಂದೆ ತಂದಿದ್ದಾರೆ. ಈಗ ಕೊಳ್ಳುವುದಾದರೆ ನಾನು ಅದನ್ನೇ ಕೊಳ್ಳುತ್ತಿದ್ದೆ.

ಜೊತೆಗೆ ಬರುವ ಪುಸ್ತಕ ಪುಟ್ಟದು, ಅಕ್ಷರವೂ ತೀರಾ ಸಣ್ಣದು. ಇಂಗ್ಲಿಷಿನಲ್ಲಿದೆ. ಎಲೆ ತಲೆಕೆಳಗಾಗಿ ಬಂದರೆ ಬೇರೆ ಅರ್ಥ ಅಂತಲೂ ಅದರಲ್ಲಿದೆ. ಅದನ್ನು ನಾನು ಬಿಟ್ಟಿದ್ದೇನೆ. ತಲೆಕೆಳಗಾಗಿ ಬಂದರೆ ನೆಟ್ಟಗೆ ಮಾಡಿ ನೋಡುತ್ತೇನೆ. ಸಣ್ಣ ಎಲೆಗಳಲ್ಲಿ ಎರಡರಿಂದ ಹತ್ತರವರೆಗೆ ಹೆಸರು ಬರೆದಿರುವುದಿಲ್ಲ, ರೋಮನ್ ಅಂಕಿ ಮಾತ್ರ. ಇದು ನನಗೆ ಒಳ್ಳೆಯದೇ ಆಯಿತು. ಓದುವುದಕ್ಕೆ ಅಕ್ಷರ ಇಲ್ಲದಿದ್ದಾಗ ಕಣ್ಣು ಚಿತ್ರಕ್ಕೆ ಹೋಗುತ್ತದೆ. ಮೊದಲ ವಾರ ಪುಸ್ತಕ ತೆರೆಯಬೇಡಿ. ಎಲೆಯಲ್ಲಿ ಯಾರಿದ್ದಾರೆ, ಏನು ಮಾಡುತ್ತಿದ್ದಾರೆ, ಯಾವ ಕಡೆ ನೋಡುತ್ತಿದ್ದಾರೆ ಅಂತ ಕನ್ನಡದಲ್ಲಿ ಮೂರು ಸಾಲು ಬರೆಯಿರಿ. ನಾನು ಬ್ಯಾಂಕಿನವರು ಕೊಟ್ಟ ಖಾಲಿ ಡೈರಿಯಲ್ಲಿ ಬರೆಯುತ್ತೇನೆ. ರಾತ್ರಿ ಮಲಗುವ ಮುಂಚೆ ಅದರ ಕೆಳಗೆ ಆ ದಿನದ್ದು ಒಂದು ಸಾಲು.

ಮೊನ್ನೆ ಪಕ್ಕದ ಮನೆಯವರು ಬಂದು, "ನಂದೂ ಒಂದು ನೋಡಿ ಅಕ್ಕಾ" ಅಂದರು. ಅವರ ಯಜಮಾನರಿಗೆ ಆಪರೇಷನ್ ಇತ್ತು. ಏನಾಗುತ್ತದೆ ಅಂತ ಹೇಳಲು ನನಗೆ ಬರುವುದಿಲ್ಲ ಅಂದೆ. ಪರವಾಗಿಲ್ಲ ಅಂತ ಅವರೇ ಒಂದು ಎಲೆ ಎಳೆದರು. ನಾಲ್ಕು ಕತ್ತಿ. ಚರ್ಚಿನಲ್ಲಿ ಕೈಮುಗಿದು ಮಲಗಿದ ಯೋಧನ ಕಲ್ಲಿನ ಮೂರ್ತಿ, ಗೋಡೆಯ ಮೇಲೆ ಮೂರು ಕತ್ತಿ, ಬಣ್ಣದ ಕಿಟಕಿ. ನಾನು ಬಾಯಿ ತೆರೆಯುವ ಮೊದಲೇ ಅವರು ಅದನ್ನು ಹತ್ತಿರ ಹಿಡಿದು ನೋಡಿದರು. "ಮಲಗಿದ್ದಾರಲ್ಲ. ನಾನೂ ಮಲಗಿ ನಾಲ್ಕು ದಿನ ಆಯ್ತು" ಅಂದರು. ಅವರಿಗೆ ಕಾಫಿ ಮಾಡಿಕೊಟ್ಟೆ. ಕುಡಿದು, ನಮ್ಮ ಮನೆಯ ದಿವಾನಿನ ಮೇಲೆ ಮಧ್ಯಾಹ್ನದವರೆಗೆ ನಿದ್ದೆ ಮಾಡಿ ಎದ್ದು ಹೋದರು.